ನಾಸ್ತಿಕನ ಪ್ರಶ್ನೆಗೆ ಪೊಲೀಸ್ ಠಾಣೆಯಲ್ಲಿ ಉತ್ತರವಿಲ್ಲ

1976ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯದ ಉಪಕುಲಪತಿಗಳಾಗಿದ್ದ ಡಾ. ಎಚ್. ನರಸಿಂಹಯ್ಯನವರು ಪವಾಡಗಳನ್ನೂ ಮೂಢನಂಬಿಕೆಗಳನ್ನೂ ವೈಜ್ಞಾನಿಕವಾಗಿ ಪರಿಶೀಲಿಸಲು ಒಂದು ಸಮಿತಿಯನ್ನು ರಚಿಸಿದರು. ಶೂನ್ಯದಿಂದ ವಿಭೂತಿ, ಉಂಗುರಗಳನ್ನು ಸೃಷ್ಟಿಸುತ್ತಾರೆಂದು ಪ್ರಸಿದ್ಧರಾಗಿದ್ದ ಸತ್ಯಸಾಯಿ ಬಾಬಾ ಅವರಿಗೆ ಪತ್ರ ಬರೆದು, ಸಮಿತಿಯ ಮುಂದೆ ಅದನ್ನು ಮಾಡಿ ತೋರಿಸಬೇಕೆಂದು ವಿನಂತಿಸಿದರು. ಅದಕ್ಕೆ ಒಪ್ಪಿಗೆ ಬರಲಿಲ್ಲ. ನಮ್ಮ ಭಾಷಣಕಾರರು ಈ ಪ್ರಸಂಗವನ್ನು ಎಷ್ಟು ಉತ್ಸಾಹದಿಂದ ಉಲ್ಲೇಖಿಸುತ್ತಾರೆ ಎಂಬುದನ್ನು ನಾನು ಹಲವು ವೇದಿಕೆಗಳಲ್ಲಿ ಕೇಳಿದ್ದೇನೆ. ಸಭಿಕರು ತಲೆದೂಗುತ್ತಾರೆ. ಸೃಷ್ಟಿಸುವವನು ಅಲ್ಲಾಹನೊಬ್ಬನೇ ಎಂಬ ನಮ್ಮ ವಿಶ್ವಾಸಕ್ಕೆ ವಿಜ್ಞಾನಿಯೊಬ್ಬರ ಬೆಂಬಲ ದೊರೆತಂತಾಗಿ ಮನಸ್ಸಿಗೆ ಹಿತವಾಗುತ್ತದೆ.

ಆದರೆ ಅದೇ ವಿಚಾರವಾದಿ ನಮ್ಮ ಬಾಗಿಲಿಗೆ ಬಂದು, ಮಿಅ್‌ರಾಜ್ ಹೇಗೆ ಸಾಧ್ಯವಾಯಿತು ಎಂದೋ ಸತ್ತವರು ಎದ್ದು ಬರುವುದಕ್ಕೆ ಪುರಾವೆ ಏನೆಂದೋ ಕೇಳಿದರೆ? ಆಗ ತಲೆದೂಗುವ ಸಭೆ ಇರುವುದಿಲ್ಲ. ಧಾರ್ಮಿಕ ಭಾವನೆಗೆ ಧಕ್ಕೆಯಾಗಿದೆ ಎಂಬ ದೂರಿನ ಪ್ರತಿ ಮರುದಿನವೇ ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತದೆ. ಇತರರಿಗೆ ಕೇಳಿದಾಗ ವೈಚಾರಿಕತೆಯಾದ ಪ್ರಶ್ನೆ ನಮಗೆ ಕೇಳಿದಾಗ ಅವಹೇಳನವಾಗಿಬಿಡುತ್ತದೆ. ಈ ಇಬ್ಬಗೆಯ ತಕ್ಕಡಿಯ ವಿರುದ್ಧವೇ ನನ್ನ ಈ ಬರಹ.

ಪವಾಡಪುರುಷನೊಬ್ಬನ ಕೈಚಳಕಕ್ಕೂ ಪ್ರವಾದಿವರ್ಯರ(ಸ) ಮಿಅ್‌ರಾಜ್‌ಗೂ ಅಜಗಜಾಂತರವಿದೆ ಎಂದು ನಾನೂ ವಾದಿಸುತ್ತೇನೆ. ಮೊದಲನೆಯದು ಇಂದು, ಇಲ್ಲಿ, ಪದೇಪದೇ ಮಾಡುತ್ತೇನೆಂಬ ಹೇಳಿಕೆ, ಅದನ್ನು ಪರೀಕ್ಷಿಸಬಹುದು. ಎರಡನೆಯದು ಸರ್ವಶಕ್ತನಾದ ಅಲ್ಲಾಹನು ತನ್ನ ದಾಸನಿಗೆ ಒಮ್ಮೆ ಕರುಣಿಸಿದ ಅನುಭವ. ಅಲ್ಲಾಹನನ್ನೂ ಆತನ ಪ್ರವಾದಿಯನ್ನೂ ನಂಬಿದವನಿಗೆ ಅದು ಅದರ ಮುಂದಿನ ಮೆಟ್ಟಿಲು. ಆದರೆ ಇದು ವಾದ. ವಾದಕ್ಕೆ ಕೇಳುಗ ಬೇಕು. ಕೇಳುಗನನ್ನು ಜೈಲಿಗೆ ಕಳುಹಿಸಿದ ಬಳಿಕ ನಾವು ಯಾರಿಗೆ ವಿವರಿಸುವುದು?

ಕಾನೂನು ಏನು ಹೇಳುತ್ತದೆ ಎಂಬುದನ್ನೂ ದೂರು ಬರೆಯುವವರು ಸ್ವಲ್ಪ ಓದಿಕೊಳ್ಳುವುದು ಒಳ್ಳೆಯದು. 1927ರಲ್ಲಿ ದಂಡಸಂಹಿತೆಗೆ ಸೇರಿದ 295ಎ ಕಲಮು ಈಗ ನ್ಯಾಯಸಂಹಿತೆಯ 299ನೇ ಕಲಮಾಗಿದೆ. ಉದ್ದೇಶಪೂರ್ವಕವಾದ, ದ್ವೇಷಬುದ್ಧಿಯ ಅವಮಾನವನ್ನು ಮಾತ್ರ ಅದು ಶಿಕ್ಷಿಸುತ್ತದೆ ಎಂದು ಸರ್ವೋಚ್ಚ ನ್ಯಾಯಾಲಯ 1957ರಲ್ಲೇ ಸ್ಪಷ್ಟಪಡಿಸಿದೆ. ನಿಂದನೆ ಬೇರೆ, ನಿರಾಕರಣೆ ಬೇರೆ. ನಮ್ಮ ಪ್ರವಾದಿವರ್ಯರ(ಸ) ಮಾನವನ್ನು ಹೀನ ಮಾತುಗಳಿಂದ ಕೆಣಕುವವನ ವಿರುದ್ಧ ಕಾನೂನಿನ ಮೊರೆ ಹೋಗುವುದು ನಮ್ಮ ಹಕ್ಕು, ಅದನ್ನು ನಾನು ಬಿಟ್ಟುಕೊಡುತ್ತಿಲ್ಲ. ಆದರೆ ದೇವನಿಲ್ಲ ಎಂದು ಶಾಂತವಾಗಿ ಹೇಳುವವನು ನಿಂದಕನಲ್ಲ. ಅವನು ನಿರಾಕರಿಸುವವನು. ಮಕ್ಕಾದಲ್ಲಿ ಪ್ರವಾದಿವರ್ಯರು(ಸ) ಹದಿಮೂರು ವರ್ಷ ಮಾತನಾಡಿದ್ದು ನಿರಾಕರಿಸುವವರೊಂದಿಗೇ.

ಈ ಎರಡನ್ನು ಬೆರೆಸಿದರೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. 2013ರಲ್ಲಿ ಪುಣೆಯಲ್ಲಿ ನರೇಂದ್ರ ದಾಭೋಲ್ಕರ್, 2015ರಲ್ಲಿ ಧಾರವಾಡದಲ್ಲಿ ಡಾ. ಎಂ. ಎಂ. ಕಲಬುರ್ಗಿ, 2017ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನಲ್ಲಿ ಗೌರಿ ಲಂಕೇಶ್ ಗುಂಡಿಗೆ ಬಲಿಯಾದಾಗ ನಾವು ಖಂಡಿಸಿದೆವು, ಖಂಡಿಸಲೇಬೇಕಿತ್ತು. ಗೌರಿ ಹತ್ಯೆಗೆ ಆರು ತಿಂಗಳ ಮೊದಲು, ಅದೇ ವರ್ಷದ ಮಾರ್ಚಿನಲ್ಲಿ, ನೆರೆಯ ಕೊಯಮತ್ತೂರಿನಲ್ಲಿ ಮತ್ತೊಂದು ಕೊಲೆ ನಡೆದಿತ್ತು. ಮುಸ್ಲಿಮ್ ಮನೆಯಲ್ಲಿ ಹುಟ್ಟಿ, ನಾಸ್ತಿಕನಾಗಿ, ಪೆರಿಯಾರ್ ವಿಚಾರಧಾರೆಯ ಸಂಘಟನೆಯೊಂದರಲ್ಲಿದ್ದ 31 ವರ್ಷದ ಯುವಕನನ್ನು ಕಡಿದು ಕೊಂದರು. ಬಂಧಿತರಾದವರು ಮುಸ್ಲಿಮರು. ಆ ಕೊಲೆಯ ಬಗ್ಗೆ ನಮ್ಮಲ್ಲಿ ಎಷ್ಟು ಮಂದಿ ದನಿ ಎತ್ತಿದರು? ‘ಅವನೂ ಹಾಗೆಲ್ಲ ಬರೆಯಬಾರದಿತ್ತು’ ಎಂಬ ಪಿಸುಮಾತು ನನ್ನ ಕಿವಿಗೂ ಬಿದ್ದಿತ್ತು. ಮಗನನ್ನು ಕಳೆದುಕೊಂಡ ಆ ತಂದೆ ತಾನೂ ಮಗನ ಸಂಘಟನೆಯನ್ನು ಸೇರುವುದಾಗಿ ಪತ್ರಿಕೆಗಳಿಗೆ ಹೇಳಿದರು. ಧರ್ಮರಕ್ಷಣೆಯ ಹೆಸರಿನಲ್ಲಿ ಕತ್ತಿ ಹಿಡಿದವರು ಮಗನ ಪ್ರಾಣವನ್ನು ತೆಗೆದದ್ದಲ್ಲದೆ ತಂದೆಯನ್ನೂ ದೂರ ಅಟ್ಟಿದರು.

ಇಲ್ಲಿ ನಾಸ್ತಿಕ ಮಿತ್ರರು ಒಂದು ಪ್ರಶ್ನೆ ಕೇಳುತ್ತಾರೆ, ಕೇಳಲಿ: ಧರ್ಮ ಬಿಟ್ಟವನಿಗೆ ಮರಣದಂಡನೆ ಎಂದು ನಿಮ್ಮ ಫಿಕ್ಹ್ ಗ್ರಂಥಗಳಲ್ಲೇ ಇದೆಯಲ್ಲ? ಇದೆ. ಮದ್ರಸದಲ್ಲಿ ಕಲಿತ ನಾನು ಇಲ್ಲವೆಂದು ಹೇಳಲಾರೆ. ಹಾಗೆ ಹೇಳಿ ಜಾರಿಕೊಳ್ಳುವವರಿಂದಲೇ ನಮ್ಮ ಮಾತಿಗೆ ಬೆಲೆ ಕಡಿಮೆಯಾಗಿರುವುದು. ಆದರೆ ಅದೇ ಗ್ರಂಥಗಳಲ್ಲಿ ಇನ್ನೂ ಕೆಲವು ಸಂಗತಿಗಳಿವೆ. ಆ ದಂಡನೆ ಆಡಳಿತ ಮತ್ತು ನ್ಯಾಯಾಧೀಶನ ವ್ಯಾಪ್ತಿಯದು. ಬೀದಿಯ ಯಾವನೇ ವ್ಯಕ್ತಿ ಅದನ್ನು ಕೈಗೆತ್ತಿಕೊಂಡರೆ ಅವನು ಅಪರಾಧಿ. ಹನಫೀ ಮದ್‌ಹಬ್ ಧರ್ಮತ್ಯಾಗ ಮಾಡಿದ ಮಹಿಳೆಗೆ ಈ ದಂಡನೆ ಇಲ್ಲವೆನ್ನುತ್ತದೆ, ಏಕೆಂದರೆ ಆಕೆ ಯುದ್ಧಕ್ಕೆ ನಿಲ್ಲುವವಳಲ್ಲ. ನಮ್ಮ ಕರಾವಳಿಯವರ ಶಾಫಿಈ ಮದ್‌ಹಬ್ ಈ ವ್ಯತ್ಯಾಸವನ್ನು ಒಪ್ಪುವುದಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಹನ್ನೊಂದನೆಯ ಶತಮಾನದ ಹನಫೀ ವಿದ್ವಾಂಸ ಇಮಾಮ್ ಸರಖ್ಸೀ(ರ) ಇನ್ನೂ ಮುಂದೆ ಹೋಗಿ, ಅವಿಶ್ವಾಸವೆಂಬುದು ದಾಸ ಮತ್ತು ಅವನ ಪ್ರಭುವಿನ ನಡುವಿನ ವಿಷಯ, ಅದರ ಪ್ರತಿಫಲ ಪರಲೋಕಕ್ಕೆ ಸಂಬಂಧಿಸಿದ್ದು, ಇಹದ ದಂಡನೆ ಯುದ್ಧದ ಕೆಡುಕನ್ನು ತಡೆಯಲು ಎಂಬ ಅರ್ಥದಲ್ಲಿ ವಿವರಿಸಿದ್ದಾರೆ. ಇದನ್ನೂ, ಧರ್ಮದಲ್ಲಿ ಬಲಾತ್ಕಾರವಿಲ್ಲವೆಂಬ ಕುರ್‌ಆನಿನ ಆದೇಶವನ್ನೂ (2: 256) ಮುಂದಿಟ್ಟು, ಕೇವಲ ವಿಶ್ವಾಸ ತ್ಯಜಿಸಿದ್ದಕ್ಕೆ ಇಹದಲ್ಲಿ ಶಿಕ್ಷೆಯಿಲ್ಲ ಎನ್ನುವ ಆಧುನಿಕ ವಿದ್ವಾಂಸರು ಅನೇಕರಿದ್ದಾರೆ. ನನ್ನ ನಿಲುವೂ ಅದೇ.

ಕುರ್‌ಆನ್ ಸ್ವತಃ ಈ ಜನರೊಂದಿಗೆ ಹೇಗೆ ನಡೆದುಕೊಂಡಿದೆ ನೋಡಿ. ಇಹದ ಬಾಳೇ ಎಲ್ಲ, ತಮ್ಮನ್ನು ಅಳಿಸುವುದು ಕಾಲವೇ ಹೊರತು ಇನ್ನಾರೂ ಅಲ್ಲ ಎಂದು ವಾದಿಸುತ್ತಿದ್ದವರು ಆ ಕಾಲದಲ್ಲೂ ಇದ್ದರು. ಮುಂದೆ ಅವರಿಗೆ ದಹ್‌ರಿಗಳೆಂದು ಹೆಸರು ಬಂತು. ಅವರ ವಾದವನ್ನು ಕುರ್‌ಆನ್ ಮರೆಮಾಚಲಿಲ್ಲ. ಅದನ್ನು ದಾಖಲಿಸಿ, ಇದು ಜ್ಞಾನವಲ್ಲ, ಬರೀ ಊಹೆ ಎಂದು ಉತ್ತರಿಸಿತು (45: 24). ನಾಸ್ತಿಕನ ಮಾತು ಕಿವಿಗೇ ಬೀಳಬಾರದು ಎನ್ನುವವರು ಪ್ರತಿ ಬಾರಿ ಈ ಸೂಕ್ತವನ್ನು ಓದುವಾಗಲೂ ಅವನ ಮಾತನ್ನೇ ಓದುತ್ತಿದ್ದಾರೆ. ಇನ್ನು ಅಪಹಾಸ್ಯದ ವಿಷಯ. ಅಲ್ಲಾಹನ ವಚನಗಳನ್ನು ಗೇಲಿ ಮಾಡುವ ಕೂಟದಲ್ಲಿ, ಅವರು ಬೇರೆ ಮಾತಿಗೆ ಹೊರಳುವವರೆಗೆ ಕುಳಿತಿರಬಾರದು ಎಂಬುದು ಅಲ್ಲಿಯ ಆದೇಶ (4: 140). ಎದ್ದು ಹೋಗಬೇಕು, ಅಷ್ಟೇ. ಗೇಲಿ ನಿಂತ ಮೇಲೆ ಮರಳಿ ಕೂರಲು ಅಡ್ಡಿಯಿಲ್ಲ. ಅಂದರೆ ಸಂಬಂಧ ಕಡಿದುಕೊಳ್ಳಬೇಕೆಂದು ಹೇಳಿಲ್ಲ. ತಾನೇ ಪ್ರಭುವೆಂದು ಮೆರೆದ ಫಿರ್‌ಔನನ ಬಳಿಗೆ ಕಳುಹಿಸುವಾಗಲೂ ಪ್ರವಾದಿ ಮೂಸಾ(ಅ) ಮತ್ತು ಹಾರೂನ್‌ರಿಗೆ(ಅ) ಮೃದುವಾಗಿ ಮಾತನಾಡಬೇಕೆಂದು ಆಜ್ಞೆಯಾಗಿತ್ತು (20: 44). ನಮ್ಮೂರಿನ ನಾಸ್ತಿಕ ಮೇಷ್ಟ್ರು ಫಿರ್‌ಔನನಿಗಿಂತ ಕ್ರೂರಿಯಂತೂ ಅಲ್ಲ.

ಬಗ್ದಾದಿನ ಒಂದು ಪ್ರಸಂಗ ಇಲ್ಲಿ ನೆನಪಾಗುತ್ತದೆ. ಹತ್ತನೆಯ ಶತಮಾನದ ಕೊನೆಯಲ್ಲಿ ಅಂದುಲುಸ್‌ನಿಂದ ಬಂದ ವಿದ್ವಾಂಸರೊಬ್ಬರು ಅಲ್ಲಿಯ ತರ್ಕಶಾಸ್ತ್ರಜ್ಞರ ಸಭೆಗೆ ಹೋದರು. ಮುಸ್ಲಿಮರ ನಾನಾ ಪಂಗಡಗಳವರು, ಯಹೂದಿಗಳು, ಕ್ರೈಸ್ತರು, ಅಗ್ನಿಪೂಜಕರು, ದಹ್‌ರಿಗಳು ಎಲ್ಲರೂ ಅಲ್ಲಿದ್ದರು. ಯಾವ ಗುಂಪಿನ ಮುಖಂಡ ಬಂದರೂ ಸಭೆಯೆಲ್ಲ ಎದ್ದು ನಿಲ್ಲುತ್ತಿತ್ತು. ಅವರವರ ಗ್ರಂಥವನ್ನು ಆಧಾರವಾಗಿ ತರಬಾರದು, ಬುದ್ಧಿಗೆ ನಿಲುಕುವ ವಾದವನ್ನಷ್ಟೇ ಮಂಡಿಸಬೇಕು ಎಂಬ ನಿಯಮಕ್ಕೆ ಎಲ್ಲರೂ ಒಪ್ಪಿದ್ದರು. ಆ ವಿದ್ವಾಂಸರಿಗೆ ಇದು ಸಹಿಸಲಾಗಲಿಲ್ಲ. ಅವರು ಮತ್ತೆ ಹೋಗಲಿಲ್ಲ. ಕೈರವಾನಿನ ಮಹಾನ್ ಮಾಲಿಕೀ ವಿದ್ವಾಂಸ ಇಬ್ನ್ ಅಬೀ ಝೈದ್(ರ) ಇದನ್ನು ಕೇಳಿ ತೀವ್ರವಾಗಿ ಮರುಗಿದರಂತೆ. ಅವರ ಮರುಕವನ್ನು ನಾನು ಗೌರವಿಸುತ್ತೇನೆ. ಆದರೂ ನನ್ನನ್ನು ಕಾಡುವುದು ಆ ಎದ್ದು ನಿಲ್ಲುವಿಕೆ. ಖಿಲಾಫತ್ತಿನ ರಾಜಧಾನಿಯಲ್ಲಿ, ಅಧಿಕಾರ ಮುಸ್ಲಿಮರ ಹೆಸರಿನಲ್ಲಿ ನಡೆಯುತ್ತಿದ್ದಾಗ, ದಹ್‌ರಿಯೊಬ್ಬನಿಗೂ ಎದ್ದು ನಿಲ್ಲುತ್ತಿದ್ದರು. ಅವರ ಈಮಾನ್ ಅಷ್ಟಕ್ಕೇ ಕುಸಿಯಲಿಲ್ಲ.

ಅದೇ ಬಗ್ದಾದಿನಲ್ಲಿ ನೂರು ವರ್ಷಗಳ ಬಳಿಕ ಪಾಠ ಹೇಳುತ್ತಿದ್ದ ಇಮಾಮ್ ಗಝ್ಝಾಲಿ(ರ), ದಾರ್ಶನಿಕರನ್ನು ಖಂಡಿಸಲೆಂದೇ ಬರೆದ ‘ತಹಾಫುತ್’ ಗ್ರಂಥದ ಪೀಠಿಕೆಯಲ್ಲಿ ಗ್ರಹಣದ ಉದಾಹರಣೆ ಕೊಡುತ್ತಾರೆ. ಗ್ರಹಣದ ಲೆಕ್ಕಾಚಾರ ಗಣಿತದಿಂದ ಸಿದ್ಧವಾದದ್ದು. ಅದನ್ನು ಧರ್ಮದ ಹೆಸರಿನಲ್ಲಿ ಅಲ್ಲಗಳೆಯುವವನು ಧರ್ಮದ ವೈರಿಗಿಂತ ಹೆಚ್ಚಿನ ಹಾನಿ ಮಾಡುತ್ತಾನೆ ಎಂಬುದು ಅವರ ಎಚ್ಚರಿಕೆ. ಈ ಮಾತನ್ನು ನಮ್ಮ ಯೂಟ್ಯೂಬ್ ಪ್ರವಚನಕಾರರಿಗೆ ಯಾರಾದರೂ ತಲುಪಿಸಬೇಕು. ಇಮಾಮ್ ಅಬೂ ಹನೀಫಾ(ರ) ಅವರ ಹೆಸರಿನಲ್ಲಿ ಹೇಳುವ, ಬಡಗಿಯಿಲ್ಲದೆ ತಾನೇ ಸಿದ್ಧವಾದ ದೋಣಿಯ ಕಥೆಯನ್ನು ಹೇಳಿ, ‘ನಾಸ್ತಿಕ ತಲೆತಗ್ಗಿಸಿದ’ ಎಂದು ಮುಗಿಸುವುದು ಅವರಿಗೆ ರೂಢಿಯಾಗಿದೆ. ಆ ಕಥೆ ಸುಂದರವಾಗಿದೆ. ಆದರೆ ಇಂದಿನ ನಾಸ್ತಿಕ ತಲೆತಗ್ಗಿಸುವುದಿಲ್ಲ; ಜೀವವಿಕಾಸ ಸಿದ್ಧಾಂತವನ್ನು ಮುಂದಿಡುತ್ತಾನೆ. ಅದನ್ನು ಒಂದು ಪುಟವೂ ಓದದೆ ‘ಮಂಗನಿಂದ ಮಾನವನಂತೆ’ ಎಂದು ನಗಾಡಿದರೆ ನಗುವವರು ಸಭೆಯಲ್ಲಿರುತ್ತಾರೆ, ನಿಜ. ಹಿಂದಿನ ಸಾಲಿನಲ್ಲಿ ಕುಳಿತ ಪಿಯುಸಿ ವಿದ್ಯಾರ್ಥಿ ಮಾತ್ರ ನಗುವುದಿಲ್ಲ.

ಗೌರವವೆಂದರೆ ಎರಡೂ ಸರಿ ಎನ್ನುವುದೇ? ಅಲ್ಲ. ಆಂಧ್ರದಲ್ಲಿ 1940ರಲ್ಲಿ ನಾಸ್ತಿಕ ಕೇಂದ್ರವನ್ನು ಸ್ಥಾಪಿಸಿದ ಗೋರಾ ಅವರು ಗಾಂಧೀಜಿಯನ್ನು ಸೇವಾಗ್ರಾಮದಲ್ಲಿ ಭೇಟಿಯಾಗಿ ಚರ್ಚಿಸುತ್ತಿದ್ದರು. ತನ್ನ ಆಸ್ತಿಕತೆ ಸರಿ, ನಿಮ್ಮ ನಾಸ್ತಿಕತೆ ತಪ್ಪು ಎಂದು ತಾನು ಹೇಳಲಾರೆನೆಂದು ಗಾಂಧೀಜಿ ಒಮ್ಮೆ ಅವರಿಗೆ ಹೇಳಿದ್ದುಂಟು. ನಾನು ಹಾಗೆನ್ನಲಾರೆ. ತೌಹೀದ್ ಸತ್ಯ, ಅದರ ನಿರಾಕರಣೆ ತಪ್ಪು ಎಂದೇ ನಾನು ಹೇಳುವುದು. ನಾಸ್ತಿಕನೂ ನನ್ನ ನಂಬಿಕೆ ತಪ್ಪೆಂದೇ ಹೇಳುತ್ತಾನೆ, ಹೇಳಲಿ. ಆದರೆ ಗಾಂಧೀಜಿಯ ನಡೆಯನ್ನು ನಾನು ಒಪ್ಪಬಲ್ಲೆ. ಗೋರಾ ತಮ್ಮ ಮಗಳನ್ನು ಅಸ್ಪೃಶ್ಯರೆನಿಸಿದ ಕುಟುಂಬದ ಯುವಕನಿಗೆ ಕೊಟ್ಟು ಮದುವೆ ಮಾಡಲು ಮುಂದಾದಾಗ, ಆಶ್ರಮದಲ್ಲೇ ಅದನ್ನು ನಡೆಸಲು, ವಿಧಿಯಲ್ಲಿ ದೇವರ ಹೆಸರಿನ ಬದಲು ಸತ್ಯದ ಹೆಸರನ್ನು ಬಳಸಲು ಗಾಂಧೀಜಿ ಒಪ್ಪಿದರು. ಅಷ್ಟರಲ್ಲಿ ಅವರ ಹತ್ಯೆಯಾಯಿತು. 1948ರ ಮಾರ್ಚಿನಲ್ಲಿ ಸೇವಾಗ್ರಾಮದಲ್ಲೇ ಆ ಮದುವೆ ನೆರವೇರಿತು. ದಿನಕ್ಕೆರಡು ಬಾರಿ ಪ್ರಾರ್ಥಿಸುತ್ತಿದ್ದ ಮನುಷ್ಯ, ತನ್ನ ಅತಿಥಿಯ ಬಾಯಿಂದ ಅವನು ನಂಬದ ಮಾತನ್ನು ಹೊರಡಿಸಲು ಇಚ್ಛಿಸಲಿಲ್ಲ. ನಂಬದ ಬಾಯಿಂದ ಬರುವ ಕಲಿಮಾ ಅಲ್ಲಾಹನಿಗೂ ಬೇಡವಷ್ಟೆ.

ನಾಸ್ತಿಕ ಮಿತ್ರರಿಗೂ ಒಂದು ಮಾತು. 2022ರಲ್ಲಿ ನಮ್ಮ ಹೆಣ್ಣುಮಕ್ಕಳು ಹಿಜಾಬ್‌ಗಾಗಿ ಕಾಲೇಜಿನ ಗೇಟಿನ ಹೊರಗೆ ನಿಂತಾಗ ನಿಮ್ಮಲ್ಲಿ ಕೆಲವರು ಅವರ ಪರವಾಗಿ ಬರೆದಿರಿ, ಮೆರವಣಿಗೆಗೂ ಬಂದಿರಿ. ಹಿಜಾಬನ್ನು ನೀವು ಒಪ್ಪುವುದಿಲ್ಲ. ಆದರೂ ತೊಡುವವಳ ಆಯ್ಕೆಯನ್ನು ಗೌರವಿಸಿದಿರಿ. ಇನ್ನು ಕೆಲವರು ಆ ಹದಿಹರೆಯದ ಹುಡುಗಿಯರಿಗೆ ಬುದ್ಧಿಯೇ ಇಲ್ಲವೆಂಬಂತೆ, ಮನೆಯವರು ಕೀಲಿ ಕೊಟ್ಟ ಬೊಂಬೆಗಳೆಂಬಂತೆ ಮಾತನಾಡಿದಿರಿ. ನಂಬುವವನು ಯೋಚಿಸಿಯೇ ಇಲ್ಲವೆಂದು ಮೊದಲೇ ತೀರ್ಮಾನಿಸುವುದು ವಿಚಾರವಾದವಲ್ಲ, ಅದೂ ಒಂದು ಪೂರ್ವಗ್ರಹ. ಮಾಟಮಂತ್ರದ ಹೆಸರಿನಲ್ಲಿ ಬಡವರನ್ನು ಸುಲಿಯುವವನನ್ನೂ ನಸುಕಿನಲ್ಲಿ ಎದ್ದು ನಮಾಝ್ ಮಾಡುವ ಕೂಲಿಕಾರನನ್ನೂ ‘ಮೌಢ್ಯ’ ಎಂಬ ಒಂದೇ ಪದದಲ್ಲಿ ಕಟ್ಟಬೇಡಿ. ಮೊದಲನೆಯವನ ವಿರುದ್ಧ 2017ರಲ್ಲಿ ನಮ್ಮ ರಾಜ್ಯ ಕಾಯಿದೆ ತಂದಾಗ ನಾನು ಸಂತೋಷಪಟ್ಟವನು. ಮಾಟ ಇಸ್ಲಾಮಿನಲ್ಲಿ ಮಹಾಪಾಪಗಳಲ್ಲೊಂದು.

ಮರಳಿ ನಮ್ಮ ಮನೆಗಳಿಗೆ ಬರೋಣ. ಎ. ಎನ್. ಮೂರ್ತಿರಾಯರ ‘ದೇವರು’ ಎಂಬ ಪುಸ್ತಕವನ್ನು ನಮ್ಮ ಕಾಲೇಜು ಮಕ್ಕಳು ಗ್ರಂಥಾಲಯದಿಂದ ತಂದು ಓದುತ್ತಾರೆ. ದೇವರಿಲ್ಲವೆಂಬ ನಿಲುವನ್ನು ಕನ್ನಡದಲ್ಲಿ ಇಷ್ಟು ಸೌಜನ್ಯದಿಂದ ಮಂಡಿಸಿದ ಕೃತಿ ಅಪರೂಪ. ಅದನ್ನು ಹಾಸಿಗೆಯ ಕೆಳಗೆ ಬಚ್ಚಿಟ್ಟು ಓದುವ ಸ್ಥಿತಿ ಮಗನಿಗೆ ಬಂದಿದ್ದರೆ ಅದರಲ್ಲಿ ನಮ್ಮ ಪಾಲೂ ಇದೆ. ಮದ್ರಸಗಳಲ್ಲಿ ನಾವು ಶತಮಾನಗಳಿಂದ ಓದಿಸುವ ಇಮಾಮ್ ನಸಫೀ(ರ) ಅವರ ಅಕೀದಾ ಗ್ರಂಥ ಆರಂಭವಾಗುವುದು ವಸ್ತುಗಳಿಗೆ ನೈಜ ಅಸ್ತಿತ್ವವಿದೆ, ಅವನ್ನು ಅರಿಯಲು ಸಾಧ್ಯವಿದೆ ಎಂದು ಸಂಶಯವಾದಿಗಳಿಗೆ ಕೊಡುವ ಉತ್ತರದಿಂದ. ಗ್ರೀಸಿನ ಸಂಶಯಿಗೆ ಉತ್ತರ ಕಲಿಸುತ್ತೇವೆ, ಪಕ್ಕದ ಕೋಣೆಯ ಸಂಶಯಿಯ ಮೇಲೆ ರೇಗುತ್ತೇವೆ.

ಈ ವರ್ಷದಿಂದ ನನ್ನ ಹಿರಿಯ ತರಗತಿಯಲ್ಲಿ ತಿಂಗಳಿಗೊಂದು ಗುರುವಾರ ಪ್ರಶ್ನೆಗಳಿಗಾಗಿಯೇ ಮೀಸಲು. ಹೆಸರು ಬರೆಯದೆ ಚೀಟಿ ಹಾಕಬಹುದು. ಪ್ರವಾದಿ ಇಬ್ರಾಹೀಮ್(ಅ) ಸತ್ತವರನ್ನು ಹೇಗೆ ಎಬ್ಬಿಸುವೆ, ತೋರಿಸು ಎಂದು ಅಲ್ಲಾಹನನ್ನೇ ಕೇಳಿದ್ದರು, ಹೃದಯದ ನೆಮ್ಮದಿಗಾಗಿ (2: 260), ಹಾಗಾಗಿ ಯಾವ ಪ್ರಶ್ನೆಯನ್ನೂ ಹರಿದು ಎಸೆಯುವುದಿಲ್ಲ ಎಂದು ಮಕ್ಕಳಿಗೆ ಮಾತು ಕೊಟ್ಟಿದ್ದೇನೆ. ಹೆಚ್ಚಿನವು ಜಿನ್ನ್‌ಗಳ ಬಗ್ಗೆ, ಬ್ಯಾಂಕಿನ ಬಡ್ಡಿಯ ಬಗ್ಗೆ, ಡೈನೊಸಾರ್‌ಗಳ ಬಗ್ಗೆ. ಕಳೆದ ಸಲ ಒಂದು ಚೀಟಿಯಲ್ಲಿ ಹೀಗಿತ್ತು: ‘ನನ್ನ ತಂಗಿಗೆ ಮೂರು ವರ್ಷ. ಅವಳೇನು ತಪ್ಪು ಮಾಡಿದ್ದಳೆಂದು ಅಷ್ಟು ನೋವು ಅನುಭವಿಸಿ ಸತ್ತಳು?’ ಸೂರಃ ಅಲ್‌ಕಹ್ಫ್‌ನಲ್ಲಿ ಪ್ರವಾದಿ ಮೂಸಾರೇ(ಅ) ಒಬ್ಬ ಬಾಲಕನ ಸಾವನ್ನು ಕಂಡು ತಾಳಲಾರದೆ ಪ್ರಶ್ನಿಸಿದ್ದನ್ನು ಆ ದಿನ ಅವರಿಗೆ ಓದಿ ಹೇಳಿದೆ. ಆ ಚೀಟಿ ನನ್ನ ಮೇಜಿನ ಮೇಲಿದೆ. ಉಳಿದದ್ದಕ್ಕೆ ಮುಂದಿನ ಗುರುವಾರದವರೆಗೆ ಸಮಯ ಕೇಳಿದ್ದೇನೆ.