ಅಂತರಜಾಲದ ಚದುರಂಗ ಮತ್ತು ಹವ್ಯಾಸಿಯ ಪ್ರಗತಿ

ಆಟವು ಪಾಠದ ವೈರಿ ಎಂಬ ಭಾವನೆ ಹಳ್ಳಿಗಾಡಿನ ಹಿರಿಯರಲ್ಲಿ ಬಹುಕಾಲದಿಂದ ಬೇರೂರಿದೆ. ಅದರಲ್ಲಿಯೂ ಕುಳಿತು ಆಡುವ ಆಟವೆಂದರೆ ಸೋಮಾರಿಗಳ ಕಾಲಹರಣವೆಂದೇ ಅನೇಕರ ಎಣಿಕೆ. ಈಚಿನ ವರ್ಷಗಳಲ್ಲಿ ಈ ಅಸಮಾಧಾನಕ್ಕೆ ಹೊಸದೊಂದು ಕಾರಣ ಕೂಡಿಕೊಂಡಿದೆ. ಚದುರಂಗವು ಜಗಲಿಯ ಮೇಲಿನ ಮಣೆಯಿಂದ ಎದ್ದು ಅಂಗೈಯೊಳಗಿನ ಮೊಬೈಲನ್ನು ಸೇರಿದೆ. ಹೊಸಕೋಟೆ ತಾಲ್ಲೂಕಿನ ನಂದಗುಡಿಯಂತಹ ಹೋಬಳಿ ಕೇಂದ್ರದಲ್ಲಿ ಕುಳಿತ ಬಾಲಕನೊಬ್ಬ ರಾತ್ರಿ ಊಟವಾದ ಮೇಲೆ ಬ್ರೆಜಿಲ್ ದೇಶದ ಅಥವಾ ಪೋಲೆಂಡ್ ದೇಶದ ಅಪರಿಚಿತನೊಡನೆ ಆಡಬಲ್ಲನು. ಇದನ್ನು ಕಂಡು ತಾಯಿತಂದೆಗಳು ಆತಂಕಗೊಳ್ಳುವುದು ಸಹಜ. ಅಧ್ಯಾಪಕರು ಹುಬ್ಬು ಗಂಟಿಕ್ಕುವುದೂ ಸಹಜ. ಆದರೆ ಆಡುವುದನ್ನು ತಡೆಯುವುದು ಇನ್ನು ಯಾರಿಂದಲೂ ಆಗದ ಮಾತು. ಆದಕಾರಣ ಹಿರಿಯರು ವಿಚಾರಿಸಬೇಕಾದುದು ಇಷ್ಟೇ: ಆಡುತ್ತಿರುವ ಮಗು ನಿಜವಾಗಿ ಬೆಳೆಯುತ್ತಿದೆಯೇ? ಆ ಬೆಳವಣಿಗೆಯನ್ನು ಅಳೆಯುವ ಕೋಲು ಯಾವುದು?

ಚದುರಂಗ ಕನ್ನಡನಾಡಿಗೆ ಹೊಸತಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (೧೭೯೪–೧೮೬೮) ಈ ಆಟದ ಪರಮ ರಸಿಕರಾಗಿದ್ದರು. ಒಂದೇ ಕುದುರೆಯನ್ನು ಮಣೆಯ ೬೪ ಮನೆಗಳಲ್ಲಿಯೂ, ಯಾವ ಮನೆಯನ್ನೂ ಎರಡನೆಯ ಬಾರಿ ತುಳಿಯದಂತೆ, ನಡೆಸುವ ಸಮಸ್ಯೆಗೆ ಅವರು ಕಂಡುಕೊಂಡ ಪರಿಹಾರಗಳು ಇಂದಿಗೂ ವಿದ್ವಾಂಸರ ಕುತೂಹಲವನ್ನು ಸೆಳೆಯುತ್ತವೆ. ಅವರ 'ಶ್ರೀತತ್ತ್ವನಿಧಿ'ಯ ಒಂಬತ್ತು ಭಾಗಗಳಲ್ಲಿ ಒಂದಾದ ಕೌತುಕನಿಧಿ ಆಟಗಳಿಗೆ ಸಂಬಂಧಿಸಿದುದು. ಅರಮನೆಯಲ್ಲಿ ಇಷ್ಟು ಮನ್ನಣೆ ಪಡೆದಿದ್ದರೂ, ಕರ್ನಾಟಕವು ತನ್ನ ಮೊದಲ ಗ್ರ್ಯಾಂಡ್‌ಮಾಸ್ಟರನ್ನು ಕಾಣಲು ೨೦೧೭ರವರೆಗೆ ಕಾಯಬೇಕಾಯಿತು. ನೆರೆಯ ತಮಿಳುನಾಡಿನ ವಿಶ್ವನಾಥನ್ ಆನಂದ್ ೧೯೮೮ರಲ್ಲಿಯೇ ಭಾರತದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆಗಿದ್ದರು. ಮೈಸೂರಿನ ಎಂ. ಎಸ್. ತೇಜ್‌ಕುಮಾರ್ ಆ ಪದವಿಯನ್ನು ಪಡೆದಾಗ ಮೂವತ್ತರ ಪ್ರಾಯವನ್ನು ದಾಟಿದ್ದರು. ಅವರ ಹಿಂದೆಯೇ ೨೦೧೯ರಲ್ಲಿ ಗಿರೀಶ್ ಕೌಶಿಕ್, ೨೦೨೨ರಲ್ಲಿ ಪ್ರಣವ್ ಆನಂದ್ ಅದೇ ಪದವಿಯನ್ನೇರಿದರು. ಇವರೆಲ್ಲ ಮೈಸೂರು, ಬೆಂಗಳೂರುಗಳಂತಹ ನಗರಗಳ ಆಟಗಾರರೆಂಬುದನ್ನು ಗಮನಿಸಬೇಕು. ಚದುರಂಗಕ್ಕೆ ಬೇಕಾದುದು ಮೈದಾನವಲ್ಲ, ದುಬಾರಿ ಸಲಕರಣೆಯಲ್ಲ. ತನಗಿಂತ ತುಸು ಬಲ್ಲವನಾದ ಎದುರಾಳಿ. ಹಳ್ಳಿಯಲ್ಲಿ ಅವನೇ ದುರ್ಲಭನಾಗಿದ್ದನು.

ಈ ಕೊರತೆಯನ್ನು ನೀಗಲು ಹಿಂದಿನವರು ಅಂಚೆಯ ಕಾರ್ಡುಗಳಲ್ಲಿ ನಡೆಗಳನ್ನು ಬರೆದು ಕಳುಹಿಸಿ ತಿಂಗಳುಗಟ್ಟಲೆ ಒಂದೊಂದು ಆಟವನ್ನು ಆಡಿದ್ದುಂಟು. ಅಂತರಜಾಲವು ಆ ತಿಂಗಳುಗಳನ್ನು ಕ್ಷಣಗಳಿಗೆ ಇಳಿಸಿತು. ಚೆಸ್ ಡಾಟ್ ಕಾಮ್ ಎಂಬ ತಾಣ ೨೦೦೭ರಲ್ಲಿಯೂ, ಕಾಸಿಲ್ಲದೆ ಯಾರು ಬೇಕಾದರೂ ಆಡಬಹುದಾದ ಲಿಚೆಸ್ ೨೦೧೦ರಲ್ಲಿಯೂ ಆರಂಭವಾದವು. ೨೦೨೦ರಲ್ಲಿ ಕೊರೋನಾ ವ್ಯಾಧಿಯಿಂದ ಶಾಲೆಗಳ ಬಾಗಿಲು ಮುಚ್ಚಿದಾಗ ಪಾಠಕ್ಕೆಂದು ಮನೆಯೊಳಗೆ ಬಂದ ಮೊಬೈಲ್ ಚದುರಂಗವನ್ನೂ ತನ್ನೊಡನೆ ಕರೆತಂದಿತು. ಅದೇ ವರ್ಷದ ಆಗಸ್ಟ್ ೩೦ರಂದು ಅಂತರಜಾಲದಲ್ಲಿಯೇ ನಡೆದ ಒಲಿಂಪಿಯಾಡಿನ ಅಂತಿಮ ಪಂದ್ಯದಲ್ಲಿ ಭಾರತದ ನಿಹಾಲ್ ಸರಿನ್ ಮತ್ತು ದಿವ್ಯಾ ದೇಶಮುಖ್ ಅವರ ಸಂಪರ್ಕ ನಡುವೆಯೇ ಕಡಿದುಹೋಯಿತು. ಭಾರತದ ಮನವಿಯನ್ನು ಪರಿಶೀಲಿಸಿದ ವಿಶ್ವ ಚದುರಂಗ ಸಂಸ್ಥೆಯು ಭಾರತ ಮತ್ತು ರಷ್ಯಾ ಎರಡನ್ನೂ ವಿಜೇತರೆಂದು ಘೋಷಿಸಿತು. ತಂತಿ ಕಡಿಯುವ ಕಷ್ಟ ಹಳ್ಳಿಯವರಿಗೆ ಮಾತ್ರವೇ ಮೀಸಲಲ್ಲವೆಂದು ಅಂದು ಜಗತ್ತಿಗೆ ತಿಳಿಯಿತು.

ಹೀಗೆ ಎದುರಾಳಿಯೇನೋ ದೊರೆತನು. ಅವನ ಜೊತೆಗೇ ಒಂದು ಸಂಖ್ಯೆಯೂ ಬಂದಿತು. ಅದುವೇ ರೇಟಿಂಗ್. ಹಂಗೇರಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಭೌತವಿಜ್ಞಾನಿ ಅರ್ಪಾದ್ ಎಲೋ ರೂಪಿಸಿದ ಗಣನಾಕ್ರಮವನ್ನು ವಿಶ್ವ ಸಂಸ್ಥೆಯು ೧೯೭೦ರಲ್ಲಿ ಅಂಗೀಕರಿಸಿತು. ಅಂತರಜಾಲದ ತಾಣಗಳು ಅದರಿಂದ ಬೆಳೆದ ಕ್ರಮಗಳನ್ನೇ ಬಳಸುತ್ತವೆ. ಇದರ ತಿರುಳು ಸರಳವಾದುದು. ಸಮಬಲರಿಬ್ಬರು ಆಡಿದರೆ ಫಲ ಅರ್ಧರ್ಧ. ೨೦೦ ಅಂಕ ಮೇಲಿರುವವನಿಗೆ ನೂರಕ್ಕೆ ಸುಮಾರು ೭೬ರಷ್ಟು, ೪೦೦ ಅಂಕ ಮೇಲಿರುವವನಿಗೆ ಸುಮಾರು ೯೧ರಷ್ಟು ಫಲ ನಿರೀಕ್ಷಿತ. ಗೆದ್ದರೆ ಅಂಕ ಏರುತ್ತದೆ, ಸೋತರೆ ಇಳಿಯುತ್ತದೆ. ಯಂತ್ರವು ಪ್ರತಿಸಲವೂ ಸರಿಸುಮಾರು ಅದೇ ಅಂಕದ ಎದುರಾಳಿಯನ್ನು ಹುಡುಕಿಕೊಡುತ್ತದೆ. ಇದರ ಪರಿಣಾಮವನ್ನು ಬಹುಮಂದಿ ಹವ್ಯಾಸಿಗಳು ಗಮನಿಸಿರುವುದಿಲ್ಲ. ಎಷ್ಟೇ ಬೆಳೆದರೂ ಆಟಗಾರನು ಸರಿಸುಮಾರು ಅರ್ಧದಷ್ಟು ಆಟಗಳನ್ನು ಸೋಲುತ್ತಲೇ ಇರುತ್ತಾನೆ. ಏಕೆಂದರೆ ಅವನು ಏರಿದಂತೆ ಎದುರಾಳಿಯೂ ಏರುತ್ತಾನೆ. ಸೋಲನ್ನು ಸಹಿಸಲಾರದವನಿಗೆ ಈ ಆಟ ದಿನನಿತ್ಯದ ಯಾತನೆ. ಸೋಲಿನಿಂದ ಕಲಿಯಬಲ್ಲವನಿಗೆ ಅದು ದಿನನಿತ್ಯದ ಪಾಠ.

ಅಂಕದ ಬೆನ್ನು ಹತ್ತಿದವನ ಗತಿಯನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಮಂತ್ರಿ ಮತ್ತು ಒಂಟೆಗಳನ್ನು ಬೇಗನೆ ಹೊರತಂದು, ರಾಜನೊಬ್ಬನ ಕಾವಲಿನಲ್ಲಿಯೇ ಇರುವ ಕಾಲಾಳಿನ ಮೇಲೆ ಎರಗಿ, ನಾಲ್ಕೇ ನಡೆಗಳಲ್ಲಿ ಆಟವನ್ನು ಮುಗಿಸುವ ಉಪಾಯವೊಂದುಂಟು. ಹೊಸಬರ ಮೇಲೆ ಅದು ಮತ್ತೆ ಮತ್ತೆ ಫಲಿಸುತ್ತದೆ, ಅಂಕವೂ ಏರುತ್ತದೆ. ತುಸು ಬಲ್ಲವನು ಎದುರಾದ ದಿನ ಅವನು ತನ್ನ ಕಾಲಾಳನ್ನು ಒಂದು ಮನೆ ಮುಂದೂಡಿ ಮಂತ್ರಿಯನ್ನು ಅಟ್ಟುತ್ತಾನೆ; ಅದು ಮತ್ತೆ ಬೆದರಿಸಿದರೆ ಕುದುರೆಯನ್ನು ಅಡ್ಡಲಾಗಿ ನಿಲ್ಲಿಸುತ್ತಾನೆ. ಅವನ ಪಡೆ ಸಜ್ಜಾಗಿ ಹೊರಬಂದಿರುತ್ತದೆ. ಉಪಾಯಗಾರನ ಮಂತ್ರಿ ಮಾತ್ರ ದಿಕ್ಕು ಕಾಣದೆ ಅಲೆಯುತ್ತಿರುತ್ತದೆ. ನೂರು ಆಟಗಳನ್ನು ಆಡಿದವನು ಒಂದೇ ಆಟವನ್ನು ನೂರು ಬಾರಿ ಆಡಿದಂತಾಯಿತು. ಗೈಡುಗಳನ್ನು ಉರುಹೊಡೆದು ಪರೀಕ್ಷೆಯಲ್ಲಿ ಉತ್ತೀರ್ಣನಾಗಿ ಮುಂದಿನ ತರಗತಿಯಲ್ಲಿ ತಬ್ಬಿಬ್ಬಾಗುವ ವಿದ್ಯಾರ್ಥಿಯನ್ನು ಕಂಡ ಅಧ್ಯಾಪಕರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದರೆ ಬಲ ಬೆಳೆಯುವ ಬಗೆ ಯಾವುದು? ೧೯೭೩ರಲ್ಲಿ ಅಮೆರಿಕದ ವಿಲಿಯಂ ಚೇಸ್ ಮತ್ತು ಹರ್ಬರ್ಟ್ ಸೈಮನ್ ಎಂಬ ವಿದ್ವಾಂಸರು ಪ್ರಕಟಿಸಿದ ಪ್ರಯೋಗವೊಂದು ಇದಕ್ಕೆ ಬೆಳಕು ಚೆಲ್ಲುತ್ತದೆ. ನಿಜವಾದ ಆಟದಿಂದ ಆಯ್ದ ಸ್ಥಿತಿಯನ್ನು ಕೆಲವೇ ಕ್ಷಣ ತೋರಿಸಿ ಮರೆಮಾಡಿದರೆ, ನುರಿತ ಆಟಗಾರನು ಅದನ್ನು ಹೊಸಬನಿಗಿಂತ ಎಷ್ಟೋ ಚೆನ್ನಾಗಿ ಮತ್ತೆ ಜೋಡಿಸಿದನು. ಕಾಯಿಗಳನ್ನು ಅಡ್ಡಾದಿಡ್ಡಿಯಾಗಿ ಇಟ್ಟು ತೋರಿಸಿದಾಗ ಅವನ ಆ ಮೇಲುಗೈ ಉಳಿಯಲಿಲ್ಲ. ಅಂದರೆ ಅವನಿಗಿದ್ದುದು ಅಸಾಮಾನ್ಯ ಜ್ಞಾಪಕಶಕ್ತಿಯಲ್ಲ; ಅರ್ಥವರಿತು ಕೂಡಿಟ್ಟ ಪರಿಚಯ. ಆ ಪರಿಚಯ ಅವಸರದ ಆಟದಿಂದ ಬರುವುದು ಕಷ್ಟ. ಒಂದೆರಡು ನಿಮಿಷಗಳಲ್ಲಿ ಮುಗಿಯುವ ಹತ್ತು ಆಟಗಳಿಗಿಂತ ಅರ್ಧ ಗಂಟೆಯ ಒಂದು ಆಟ, ಅದು ಮುಗಿದ ಮೇಲೆ ಎಲ್ಲಿ ದಾರಿ ತಪ್ಪಿತೆಂದು ತಾನೇ ಹುಡುಕುವ ಕಾಲು ಗಂಟೆ ಹೆಚ್ಚು ಫಲಕಾರಿ. ಯಂತ್ರವು ತಪ್ಪನ್ನು ಕ್ಷಣದಲ್ಲಿ ತೋರಿಸಿಬಿಡುತ್ತದೆಂಬುದು ದಿಟ. ಆದರೆ ತಾನು ಹುಡುಕುವ ಮೊದಲೇ ಯಂತ್ರವನ್ನು ಕೇಳುವವನು ಲೆಕ್ಕವನ್ನು ಬಿಡಿಸುವ ಮುನ್ನವೇ ಪುಸ್ತಕದ ಕೊನೆಯ ಉತ್ತರವನ್ನು ನೋಡುವ ಹುಡುಗನಿಗೆ ಸಮಾನನು.

ಇಲ್ಲಿಂದಲೇ ಇನ್ನೂ ಗಹನವಾದ ಪ್ರಶ್ನೆ ಏಳುತ್ತದೆ. ಮಣೆಯ ಎದುರು ಕುಳಿತಾಗ ಎದುರಾಳಿಯ ಕಣ್ಣಿರುತ್ತದೆ, ತೀರ್ಪುಗಾರನ ಕಣ್ಣಿರುತ್ತದೆ. ಮನೆಯ ಮೂಲೆಯಲ್ಲಿ ಕುಳಿತು ಆಡುವವನನ್ನು ನೋಡುವವರು ಯಾರು? ೧೯೯೭ರಲ್ಲಿ ವಿಶ್ವ ವಿಜೇತ ಗ್ಯಾರಿ ಕಾಸ್ಪರೋವರನ್ನು ಡೀಪ್ ಬ್ಲೂ ಎಂಬ ಬೃಹತ್ ಗಣಕಯಂತ್ರ ಸೋಲಿಸಿತು. ಅದಕ್ಕಿಂತ ಬಲವಾದ ಯಂತ್ರ ಇಂದು ಪ್ರತಿ ಹುಡುಗನ ಜೇಬಿನಲ್ಲಿದೆ. ೨೦೨೧ರ ಜೂನ್ ೧೩ರಂದು ಕೊರೋನಾ ಪರಿಹಾರಕ್ಕೆ ನಿಧಿ ಸಂಗ್ರಹಿಸಲು ಆನಂದ್ ಅವರು ಗಣ್ಯರೊಡನೆ ಅಂತರಜಾಲದಲ್ಲಿ ಆಡಿದರು. ಬೆಂಗಳೂರಿನ ಉದ್ಯಮಿ ನಿಖಿಲ್ ಕಾಮತ್ ಆ ಪಂದ್ಯದಲ್ಲಿ ಐದು ಬಾರಿಯ ವಿಶ್ವ ವಿಜೇತರನ್ನು ಸೋಲಿಸಿದಂತೆ ಕಂಡಿತು. ಹವ್ಯಾಸಿಯೊಬ್ಬನ ನಡೆಗಳು ಅಷ್ಟು ನಿರ್ದೋಷವಾಗಿದ್ದುದೇ ಸಂಶಯಕ್ಕೆ ಎಡೆಮಾಡಿತು. ಮರುದಿನವೇ ಅವರು, ಆಟವನ್ನು ವಿಶ್ಲೇಷಿಸುತ್ತಿದ್ದವರ ಮತ್ತು ಗಣಕಯಂತ್ರದ ನೆರವು ತನಗಿತ್ತೆಂದು ಬಹಿರಂಗವಾಗಿ ಒಪ್ಪಿಕೊಂಡು ಕ್ಷಮೆ ಕೇಳಿದರು. ತಾನು ಮಣೆಯ ಮೇಲಿದ್ದ ಸ್ಥಿತಿಯನ್ನಷ್ಟೇ ಆಡಿದೆನೆಂದೂ, ಎಲ್ಲರಿಂದಲೂ ಅದನ್ನೇ ನಿರೀಕ್ಷಿಸಿದ್ದೆನೆಂದೂ ಆನಂದ್ ನುಡಿದು ಸುಮ್ಮನಾದರು. ಹಾಸ್ಯದ ಪಂದ್ಯವೆಂದು ಇದನ್ನು ತಳ್ಳಿಹಾಕಬಹುದು. ಒಪ್ಪಿಕೊಂಡವರನ್ನು ಹಳಿಯುತ್ತ ಕೂರುವುದೂ ಸಲ್ಲದು. ಆದರೂ ಸೋತ ಆಟ ಆಡಿದವನದೇ ಆಗಿ ಉಳಿಯುತ್ತದೆ, ಎರವಲು ತಂದ ಗೆಲುವು ಯಾರದೂ ಆಗುವುದಿಲ್ಲ ಎಂಬ ಪಾಠ ಮಕ್ಕಳಿಗೆ ಇದಕ್ಕಿಂತ ಸ್ಪಷ್ಟವಾಗಿ ದೊರೆಯಲಾರದು.

ಮೊಬೈಲ್ ಒಂದು ವ್ಯಸನ, ಅದನ್ನು ಶಾಲೆಯೇ ಪ್ರೋತ್ಸಾಹಿಸಬೇಕೇ ಎಂಬ ಆಕ್ಷೇಪ ಇಲ್ಲಿ ಬರಬಹುದು. ಆಕ್ಷೇಪ ನಿರಾಧಾರವಲ್ಲ. ಗೆದ್ದ ಉಬ್ಬಿನಲ್ಲಿಯೋ ಸೋತ ಸಿಟ್ಟಿನಲ್ಲಿಯೋ ಇನ್ನೊಂದು, ಮತ್ತೊಂದು ಎಂದು ನಡುರಾತ್ರಿಯವರೆಗೆ ಆಡುವವರುಂಟು. ಆದರೆ ಮಕ್ಕಳು ಒಂಟಿಯಾಗಿ, ಯಾರ ಮಾರ್ಗದರ್ಶನವೂ ಇಲ್ಲದೆ ಆಡುವುದರಿಂದಲೇ ಈ ಕೇಡು ಹೆಚ್ಚುತ್ತದೆ. ಶಾಲೆ ಕೈಬಿಟ್ಟ ಜಾಗವನ್ನು ಯಂತ್ರ ತುಂಬುತ್ತದೆ.

ಆದಕಾರಣ ನಂದಗುಡಿಯಂತಹ ಊರಿನ ಶಾಲೆಗಳು ಮಾಡಬಹುದಾದ ಕಾರ್ಯ ದೊಡ್ಡದಲ್ಲ, ದುಬಾರಿಯೂ ಅಲ್ಲ. ದಾನಿಗಳು ಮೊದಲು ಕೊಡಿಸಬೇಕಾದುದು ಹೊಸ ಗಣಕಯಂತ್ರಗಳನ್ನಲ್ಲ. ಹತ್ತಾರು ಮಣೆಗಳು, ಕೆಲವು ಗಡಿಯಾರಗಳು, ಪ್ರತಿ ಮಗುವಿಗೂ ಒಂದು ನಡೆಪುಸ್ತಕ. ವಾರಕ್ಕೆ ಒಂದು ಸಂಜೆ ಮಣೆಯ ಮೇಲೆ ಆಟ. ಅಂತರಜಾಲದಲ್ಲಿ ಆಡಿದ ಆಟಗಳಲ್ಲಿ ಸೋತ ಒಂದನ್ನು ಮಗು ತನ್ನ ಕೈಯಾರೆ ಬರೆದು ತಂದು, ಎಲ್ಲಿ ತಪ್ಪಿದೆನೆಂದು ಸಹಪಾಠಿಗಳ ಮುಂದೆ ಹೇಳಬೇಕು. ಗೆದ್ದ ಆಟಕ್ಕೆ ಚಪ್ಪಾಳೆ ತಾನಾಗಿಯೇ ಬರುತ್ತದೆ. ಬಹುಮಾನವನ್ನು ಅತ್ಯುತ್ತಮವಾಗಿ ವಿವರಿಸಿದ ಸೋಲಿಗೆ ಮೀಸಲಿಡಬಹುದು. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಹಳೆಯ ವಿದ್ಯಾರ್ಥಿಗಳಲ್ಲಿ ಆಟ ಬಲ್ಲವರು ತಿಂಗಳಿಗೊಂದು ಸಂಜೆ ಅಂತರಜಾಲದ ಮೂಲಕವೇ ಈ ಮಕ್ಕಳೊಡನೆ ಆಡಿ, ಆಟದ ನಂತರ ಮಾತನಾಡಿದರೆ ಅದೂ ಒಂದು ದಾನವೇ. ಅಧ್ಯಾಪಕರು ಚದುರಂಗದಲ್ಲಿ ಪಂಡಿತರಾಗಿರಬೇಕಾಗಿಲ್ಲ. ಈ ನಡೆಯನ್ನು ಏಕೆ ಆಡಿದೆ ಎಂದು ಕೇಳುವಷ್ಟು ತಾಳ್ಮೆಯಿದ್ದರೆ ಸಾಕು.

ಗುಕೇಶ್ ಎಂಬ ಹದಿನೆಂಟರ ಭಾರತೀಯ ತರುಣ ೨೦೨೪ರ ಡಿಸೆಂಬರಿನಲ್ಲಿ ಸಿಂಗಪುರದಲ್ಲಿ ವಿಶ್ವ ವಿಜೇತನಾದಾಗ ದೇಶವೆಲ್ಲ ಸಂಭ್ರಮಿಸಿತು. ಊರೂರಿನಿಂದ ಅಂತಹವರು ಬರಲಾರರು. ಬರಬೇಕೆಂಬ ಒತ್ತಾಯವೂ ಸಲ್ಲದು. ತನ್ನ ತಪ್ಪನ್ನು ತಾನೇ ಹುಡುಕಿ, ಅಂಜದೆ ನಾಲ್ವರೆದುರು ಹೇಳಿ, ನಾಳೆ ಮತ್ತೆ ಮಣೆಯ ಮುಂದೆ ಕೂರುವ ಹುಡುಗ ಹುಡುಗಿಯರನ್ನು ಬೆಳೆಸುವುದು ಮಾತ್ರ ಪ್ರತಿಯೊಂದು ಶಾಲೆಗೂ ಸಾಧ್ಯ. ಯಾವ ತಾಣದ ರೇಟಿಂಗಿನಲ್ಲಿಯೂ ಆ ಬೆಳವಣಿಗೆಯ ಲೆಕ್ಕ ಸಿಗದು. ಅದನ್ನು ಇಡಬೇಕಾದವರು ಶಾಲೆಯ ಗುರುಗಳೇ.