ಬೋರ್ಡಿನ ಮೇಲೆ ಎಲ್ಲವೂ ಹಸಿರು

ಸೋಮವಾರ ಬೆಳಿಗ್ಗೆ ಹತ್ತು ಗಂಟೆಯ ಮೀಟಿಂಗ್. ಪುಣೆಯ ಹಿಂಜೆವಾಡಿಯಾಗಲಿ, ಹೈದರಾಬಾದಿನ ಮಾದಾಪುರವಾಗಲಿ, ಚೆನ್ನೈನ ಓಎಂಆರ್ ಆಗಲಿ, ದೃಶ್ಯ ಹೆಚ್ಚುಕಡಿಮೆ ಒಂದೇ. ಪರದೆಯ ಮೇಲೆ ಜಿರಾ ಬೋರ್ಡು, ಅದರಲ್ಲಿ ಮೂರು ಕಾಲಂ: ಮಾಡಬೇಕಾದ್ದು, ನಡೆಯುತ್ತಿರುವುದು, ಮುಗಿದದ್ದು. ನಡುವಿನ ಕಾಲಂನಲ್ಲಿ ಕಾರ್ಡುಗಳು ದೀಪಾವಳಿ ಹಿಂದಿನ ರಾತ್ರಿಯ ಬಸ್ಸಿನ ಹಾಗೆ ಕಿಕ್ಕಿರಿದಿವೆ. ಯಾರನ್ನು ಕೇಳಿದರೂ "ನಡೀತಾ ಇದೆ" ಎಂಬ ಉತ್ತರ. ಮೂರು ವಾರದಿಂದ ಅದೇ ಉತ್ತರ. ಗ್ರಾಹಕರಿಗೆ ಕೊಟ್ಟ ದಿನಾಂಕಕ್ಕೆ ನಾಲ್ಕು ದಿನ ಉಳಿದಾಗ, ನಡೆಯುತ್ತಿದ್ದದ್ದರಲ್ಲಿ ಅರ್ಧ ನಡೆಯುತ್ತಲೇ ಇರಲಿಲ್ಲ ಎಂಬುದು ಹೊರಬೀಳುತ್ತದೆ. ಆಮೇಲೆ ರಾತ್ರಿಯೆಲ್ಲ ಕೆಲಸ, ಶನಿವಾರ ಭಾನುವಾರ ರದ್ದು, ಊರಿಗೆ ಹೊರಟವರ ಟಿಕೆಟ್ ಕ್ಯಾನ್ಸಲ್.

ಇಂಥ ಪ್ರಸಂಗ ಎರಡು ಸಲ ಆದಮೇಲೆ ಕಂಪನಿ ಹೊಸ ಸಾಫ್ಟ್‌ವೇರ್ ಕೊಳ್ಳುತ್ತದೆ, ಇಲ್ಲವೇ ಇರುವುದಕ್ಕೇ ಎರಡು ದಿನದ ತರಬೇತಿ ಇಡುತ್ತದೆ. ಯಾವ ಗುಂಡಿ ಎಲ್ಲಿದೆ, ವರದಿ ತೆಗೆಯುವುದು ಹೇಗೆ ಎಂದು ಅಲ್ಲಿ ಹೇಳಿಕೊಡುತ್ತಾರೆ. ಅಷ್ಟನ್ನು ಕಲಿಯಲು ಒಂದು ಮಧ್ಯಾಹ್ನ ಸಾಕು. ಕಲಿಯುವುದಕ್ಕೆ ಕಷ್ಟವಾದ ಸಂಗತಿಗಳು ಎರಡು: ಕೆಲಸದ ಸ್ಥಿತಿ ಹೇಗಿದೆಯೋ ಹಾಗೇ ಬರೆಯುವುದು, ಮತ್ತು ಬರೆದದ್ದನ್ನು ಓದಿದ ಮೇಲಿನವರು ರೇಗದಿರುವುದು. ಎರಡನೆಯದನ್ನು ಕಲಿಯದ ಕಚೇರಿಯಲ್ಲಿ ಮೊದಲನೆಯದನ್ನು ಯಾರೂ ಕಲಿಯುವುದಿಲ್ಲ.

ಇದಕ್ಕೆ ಫೋರ್ಡ್ ಕಾರು ಕಂಪನಿಯ ಕಥೆ ಒಳ್ಳೆಯ ಸಾಕ್ಷಿ. 2006ರಲ್ಲಿ ಬೋಯಿಂಗ್‌ನಿಂದ ಬಂದು ಅದರ ಮುಖ್ಯಸ್ಥರಾದ ಅಲನ್ ಮುಲಾಲಿ, ಪ್ರತಿ ವಾರ ಎಲ್ಲ ವಿಭಾಗದ ಹಿರಿಯರೂ ತಮ್ಮ ಯೋಜನೆಗಳಿಗೆ ಹಸಿರು, ಹಳದಿ, ಕೆಂಪು ಬಣ್ಣ ಹಚ್ಚಿ ತರಬೇಕೆಂದರು. ಮೊದಮೊದಲು ಬಂದದ್ದೆಲ್ಲ ಹಸಿರೇ. ಕಂಪನಿ ಆ ವರ್ಷ ಕಳೆದುಕೊಂಡದ್ದು 1200 ಕೋಟಿ ಡಾಲರಿಗೂ ಹೆಚ್ಚು. ಇಷ್ಟು ನಷ್ಟದ ನಡುವೆ ಸರಿಯಿಲ್ಲದ್ದು ಒಂದೂ ಇಲ್ಲವೇ ಎಂದು ಮುಲಾಲಿ ಕೇಳಬೇಕಾಯಿತು. ಕೊನೆಗೊಂದು ವಾರ ಮಾರ್ಕ್ ಫೀಲ್ಡ್ಸ್ ಎಂಬ ಅಧಿಕಾರಿ, ಕೆನಡಾದ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ಎಡ್ಜ್ ಕಾರಿನಲ್ಲಿ ದೋಷ ಕಂಡಿದೆ, ಬಿಡುಗಡೆ ತಡೆಹಿಡಿದಿದ್ದೇವೆ ಎಂದು ಕೆಂಪು ತೋರಿಸಿದರು. ಕೋಣೆ ಸ್ತಬ್ಧವಾಯಿತು. ಅವರ ಕೆಲಸ ಹೋಯಿತೆಂದೇ ಉಳಿದವರು ಎಣಿಸಿದ್ದರು. ಮುಲಾಲಿ ಚಪ್ಪಾಳೆ ತಟ್ಟಿದರು. ಇದಕ್ಕೆ ಯಾರು ನೆರವಾಗಬಲ್ಲಿರಿ ಎಂದು ಕೇಳಿದರು. ಅಲ್ಲೇ ಸಲಹೆಗಳು ಬಂದವು. ಕೆಲವೇ ವಾರಗಳಲ್ಲಿ ಉಳಿದವರ ಪಟ್ಟಿಗಳಲ್ಲೂ ಹಳದಿ, ಕೆಂಪು ಕಾಣಿಸಿಕೊಂಡವು. ಬಣ್ಣ ಹಚ್ಚುವ ವಿಧಾನ ಮೊದಲ ದಿನದಿಂದ ಒಂದೇ ಇತ್ತು. ಬದಲಾದದ್ದು ಕೆಂಪು ತೋರಿಸಿದವನಿಗೆ ಏನಾಗುತ್ತದೆ ಎಂಬ ಲೆಕ್ಕ.

ಸಾಧನ ಬರೀ ತೋರಿಕೆಗೆ ನಿಲ್ಲುವುದು ಹೊಸ ಕಾಯಿಲೆಯೂ ಅಲ್ಲ. ಯೋಜನಾ ನಿರ್ವಹಣೆಯ ಪಾಠಗಳಲ್ಲಿ ಇಂದಿಗೂ ಬರುವ ಪರ್ಟ್ ವಿಧಾನ ಹುಟ್ಟಿದ್ದು 1958ರ ಸುಮಾರಿಗೆ, ಅಮೆರಿಕದ ನೌಕಾಪಡೆಯ ಪೊಲಾರಿಸ್ ಕ್ಷಿಪಣಿ ಯೋಜನೆಯಲ್ಲಿ. ಆ ಯೋಜನೆ ಬೇಗ ಮುಗಿದ ಕೀರ್ತಿ ಬಹುಕಾಲ ಪರ್ಟ್‌ಗೇ ಸಂದಿತ್ತು. 1972ರಲ್ಲಿ ಅದರ ಇತಿಹಾಸ ಬರೆದ ಹಾರ್ವೆ ಸಪೋಲ್ಸ್ಕಿ ಬೇರೆಯದನ್ನೇ ಕಂಡರು: ಆ ಚಾರ್ಟುಗಳು ಒಳಗಿನ ಕೆಲಸಕ್ಕೆ ಒದಗಿದ್ದಕ್ಕಿಂತ, ಹೊರಗಿನವರು ಮೂಗು ತೂರಿಸದಂತೆ ತಡೆಯಲು ಒದಗಿದ್ದೇ ಹೆಚ್ಚು. ಇವತ್ತಿನ ಎಷ್ಟೋ ಡ್ಯಾಶ್‌ಬೋರ್ಡುಗಳು ಮಾಡುತ್ತಿರುವುದೂ ಇದನ್ನೇ.

ಬೋರ್ಡು ಮತ್ತು ಕಾರ್ಡುಗಳ ಮೂಲ ಟೊಯೋಟಾದ ಕಾನ್‌ಬಾನ್. ಜಪಾನಿ ಭಾಷೆಯಲ್ಲಿ ಆ ಪದಕ್ಕೆ ಫಲಕ ಎಂದರ್ಥ. 1950ರ ದಶಕದಲ್ಲಿ ತೈಯಿಚಿ ಓನೊ ಅದನ್ನು ರೂಪಿಸಿದ್ದು, ಮುಂದಿನ ಹಂತದವರು ಕೇಳದೆ ಹಿಂದಿನ ಹಂತದವರು ಏನನ್ನೂ ಮಾಡಿ ಗುಡ್ಡೆ ಹಾಕಬಾರದು ಎಂಬ ಕಾರಣಕ್ಕೆ. ಎಂದರೆ ಕಾರ್ಡಿನ ಮುಖ್ಯ ಉದ್ದೇಶ ಮಿತಿ ಹಾಕುವುದು. ಕಚೇರಿಗಳು ಕಾರ್ಡನ್ನು ತಂದುಕೊಂಡವು, ಮಿತಿಯನ್ನು ಅಲ್ಲೇ ಬಿಟ್ಟುಬಂದವು. ಒಂದು ಕಾಲಂನಲ್ಲಿ ಗರಿಷ್ಠ ಎಷ್ಟು ಕಾರ್ಡು ಇರಬಹುದೆಂದು ನಮೂದಿಸುವ ಸೌಲಭ್ಯ ಜಿರಾದಲ್ಲೇ ಇದೆ. ಬಳಸುವ ತಂಡಗಳು ಕಡಿಮೆ. ಐದು ಜನರ ತಂಡದಲ್ಲಿ ಇಪ್ಪತ್ತೆರಡು ಕೆಲಸ ಏಕಕಾಲಕ್ಕೆ "ನಡೆಯುತ್ತಿವೆ" ಎಂದರೆ, ಹೆಚ್ಚಿನವು ಕಾಯುತ್ತಿವೆ ಎಂದೇ ಅರ್ಥ. ಕಾಯುತ್ತಿರುವುದಕ್ಕೆ ಬೇರೆಯೇ ಕಾಲಂ ಇಟ್ಟು, ಯಾರಿಗಾಗಿ ಕಾಯುತ್ತಿದೆ ಎಂದು ಬರೆದರೆ ಅರ್ಧ ಮೀಟಿಂಗ್ ಉಳಿಯುತ್ತದೆ.

ಉಳಿದ ಶಿಸ್ತುಗಳು ಹಳೆಯವೇ. ಮದುವೆ ಮನೆಯಲ್ಲಿ ಹಿರಿಯರೊಬ್ಬರ ಕೈಯಲ್ಲಿರುವ ನೋಟ್‌ಬುಕ್ ನೆನಪಿಸಿಕೊಂಡರೆ ಸಾಕು. ಅದರಲ್ಲಿ "ಅಡುಗೆ" ಎಂದಷ್ಟೇ ಇರುವುದಿಲ್ಲ. "ಅಡುಗೆಯವರಿಗೆ ಮುಂಗಡ ಕೊಡುವುದು, ಚಿಕ್ಕಪ್ಪ, ಏಕಾದಶಿಯೊಳಗೆ" ಎಂದಿರುತ್ತದೆ. ಒಂದು ಕೆಲಸ, ಒಂದು ಹೆಸರು, ಒಂದು ದಿನ. ಚಿಕ್ಕಪ್ಪ, ಮಾವ ಇಬ್ಬರ ಹೆಸರೂ ಬರೆದರೆ ಮುಂಗಡ ಹೋಗುವುದಿಲ್ಲ ಎಂದು ಆ ಹಿರಿಯರಿಗೆ ಗೊತ್ತು. ಕಾರ್ಡಿಗೂ ಇದೇ ನಿಯಮ. "ಪಾವತಿ ಪುಟ" ಎಂಬುದು ಕೆಲಸವಲ್ಲ. "ಪಾವತಿ ವಿಫಲವಾದಾಗ ಬರುವ ಸಂದೇಶ ಸರಿಪಡಿಸುವುದು" ಎಂಬುದು ಕೆಲಸ. ಯಾವಾಗ ಅದು ಮುಗಿದಂತೆ ಎಂದು ಶುರುವಿನಲ್ಲೇ ಒಂದು ಸಾಲು ಬರೆದಿಡಬೇಕು. ಇಲ್ಲದಿದ್ದರೆ ಬರೆದವರ "ಮುಗಿಯಿತು" ಬೇರೆ, ಪರೀಕ್ಷಿಸುವವರ "ಮುಗಿಯಿತು" ಬೇರೆ. ವಾಟ್ಸಾಪಿನಲ್ಲಿ ಆದ ತೀರ್ಮಾನವನ್ನು ಅದೇ ದಿನ ಕಾರ್ಡಿಗೆ ಸೇರಿಸಬೇಕು. ವಾರಕ್ಕೊಮ್ಮೆ ಕೂತು, ಯಾರೂ ಮುಟ್ಟದ ಕಾರ್ಡುಗಳನ್ನು ತೆಗೆದುಹಾಕಬೇಕು.

ಇದೆಲ್ಲ ತುಂಬಿಸುತ್ತ ಕೂತರೆ ಕೆಲಸ ಮಾಡುವುದು ಯಾವಾಗ ಎಂಬ ಆಕ್ಷೇಪದಲ್ಲಿ ಹುರುಳಿದೆ. ಒಂದೇ ಕೋಣೆಯಲ್ಲಿ ಕೂತ ಮೂವರಿಗೆ ಗೋಡೆಯ ಮೇಲಿನ ಚೀಟಿಗಳು ಸಾಕು. ಅವರ ಮೇಲೆ ಹದಿನಾರು ಖಾನೆಗಳ ಫಾರಂ ಹೇರುವುದು ಹಿಂಸೆ. ಆದರೆ ಒಬ್ಬರು ಪುಣೆಯಲ್ಲಿ, ಒಬ್ಬರು ನೋಯ್ಡಾದಲ್ಲಿ, ಇನ್ನೊಬ್ಬರು ಹುಬ್ಬಳ್ಳಿಯ ಮನೆಯಿಂದಲೇ ಕೆಲಸ ಮಾಡುವಾಗ, ಪಕ್ಕದ ಮೇಜಿನವರ ಮುಖ ನೋಡಿ ತಿಳಿಯುತ್ತಿದ್ದದ್ದನ್ನು ಬರೆದೇ ತಿಳಿಸಬೇಕಾಗುತ್ತದೆ. ಎಷ್ಟು ಖಾನೆ ಬೇಕೆಂಬುದಕ್ಕೆ ಸುಲಭದ ಪರೀಕ್ಷೆ ಇದೆ: ಆ ಮಾಹಿತಿಯನ್ನು ನೋಡಿ ಯಾರೂ ಯಾವ ನಿರ್ಧಾರವನ್ನೂ ತೆಗೆದುಕೊಳ್ಳದಿದ್ದರೆ ಆ ಖಾನೆ ಬೇಡ.

ಅದಕ್ಕಿಂತ ಗಂಭೀರವಾದ ಆಕ್ಷೇಪ ಇನ್ನೊಂದಿದೆ. ಯಾರು ವಾರಕ್ಕೆ ಎಷ್ಟು ಕಾರ್ಡು ಮುಗಿಸಿದರು ಎಂಬುದನ್ನೇ ವರ್ಷದ ಕೊನೆಗೆ ಸಂಬಳ ಹೆಚ್ಚಳದ ಅಳತೆಗೋಲು ಮಾಡುವ ಕಡೆ, ಕಾರ್ಡಿನಲ್ಲಿ ನಿಜ ಬರೆಯಿರಿ ಎಂದು ಕಿರಿಯರಿಗೆ ಬುದ್ಧಿ ಹೇಳುವುದು ಅನ್ಯಾಯ. ಅವರು ಒಂದು ಕೆಲಸವನ್ನು ಒಡೆದು ನಾಲ್ಕು ಕಾರ್ಡು ಮಾಡುತ್ತಾರೆ, ಕಷ್ಟದ್ದನ್ನು ಪಕ್ಕಕ್ಕಿಟ್ಟು ಸಲೀಸಾದದ್ದನ್ನು ಎತ್ತಿಕೊಳ್ಳುತ್ತಾರೆ. ತಪ್ಪು ಅವರದಲ್ಲ. ಕೆಲಸದ ಬೋರ್ಡನ್ನು ಹಾಜರಿ ಪುಸ್ತಕ ಮಾಡಿದವರದು.

ಹೀಗಾಗಿ ತರಬೇತಿ ಶುರುವಾಗಬೇಕಾದ್ದು ಮೀಟಿಂಗ್ ನಡೆಸುವವರಿಂದ. ಮುಂದಿನ ಸೋಮವಾರ ಅವರು "ಯಾಕೆ ಇನ್ನೂ ಮುಗಿದಿಲ್ಲ" ಎಂದು ಕೇಳುವ ಬದಲು "ಯಾವುದು ಸಿಕ್ಕಿಹಾಕಿಕೊಂಡಿದೆ, ಯಾರು ಕೈಜೋಡಿಸಬೇಕು" ಎಂದು ಕೇಳಲಿ. ಮೊದಲ ವಾರ ಯಾರೂ ಬಾಯಿ ಬಿಡಲಿಕ್ಕಿಲ್ಲ. ಫೋರ್ಡಿನಲ್ಲೂ ಬಿಟ್ಟಿರಲಿಲ್ಲ. ಒಬ್ಬರು ಬಾಯಿ ಬಿಟ್ಟ ದಿನ ಅವರಿಗೆ ಏನಾಗುತ್ತದೆ ಎಂದು ಉಳಿದವರೆಲ್ಲ ನೋಡುತ್ತಿರುತ್ತಾರೆ.