ಗುಳೆಗೆ ಮಳೆಯೊಂದೇ ಕಾರಣವೇ?



ನಮ್ಮ ಆಸ್ಪರಿ, ಆದೋನಿ ಕಡೆಯ ಜನ ಗುಂಟೂರಿಗೆ ಗುಳೆ ಹೋಗೋದು ಯಾಕೆ ಅಂತ ತರಗತಿಯಲ್ಲಿ ಕೇಳಿದರೆ, "ಮಳೆ ಇಲ್ಲ ಸಾರ್" ಎಂಬ ಉತ್ತರ ಥಟ್ಟನೆ ಬರುತ್ತದೆ. ಈ ಉತ್ತರಕ್ಕೆ ನಾನು ಅರ್ಧ ಮಾರ್ಕು ಕೊಡುತ್ತೇನೆ. ಉಳಿದರ್ಧ ಎಲ್ಲಿದೆ, ನೋಡೋಣ.

ಮೊದಲರ್ಧ ಭೌತಿಕ ಭೂಗೋಳ. ಮುಂಗಾರಿನಲ್ಲಿ ಅರಬ್ಬೀ ಸಮುದ್ರದಿಂದ ಬರುವ ತೇವದ ಗಾಳಿ ಪಶ್ಚಿಮ ಘಟ್ಟ ಹತ್ತುವಾಗ ತಣ್ಣಗಾಗಿ, ಅಲ್ಲೇ ಹೆಚ್ಚು ಮಳೆ ಸುರಿಸುತ್ತದೆ. ಘಟ್ಟ ಇಳಿಯುವಾಗ ಬಿಸಿಯಾಗಿ ಒಣಗುತ್ತದೆ. ನಾವಿರೋದು ಆ ಮಳೆನೆರಳಿನಲ್ಲಿ. ಬಂಗಾಳ ಕೊಲ್ಲಿಯಿಂದ ಬರುವ ಹಿಂಗಾರೂ ಇಷ್ಟು ದೂರ ಬರುವಷ್ಟರಲ್ಲಿ ಸೊರಗಿರುತ್ತದೆ. ಇದನ್ನು ನಾವು ಬದಲಿಸಲಾರೆವು.

ಇನ್ನರ್ಧ ಮಾನವ ಭೂಗೋಳ. ಗುಂಟೂರು ಸೀಮೆಯ ಹೊಲಗಳಿಗೆ ನಾಗಾರ್ಜುನಸಾಗರದ ಬಲದಂಡೆ ಕಾಲುವೆ ಕೃಷ್ಣಾ ನದಿಯ ನೀರು ಒಯ್ಯುತ್ತದೆ. ಅಲ್ಲಿ ಬೆಳೆಯುವ ಮೆಣಸಿನಕಾಯಿ ಒಮ್ಮೆಲೇ ಹಣ್ಣಾಗೋದಿಲ್ಲ. ಹಲವು ಸಲ ಕೈಯಿಂದಲೇ ಬಿಡಿಸಬೇಕು. ಅಲ್ಲಿ ಆಳು ಬೇಕು. ಇಲ್ಲಿ ಹತ್ತಿ ಮುಗಿದ ಮೇಲೆ ಕೆಲಸವಿಲ್ಲ. ಒಂದು ಸೆಳೆಯುವ ಕಾರಣ, ಇನ್ನೊಂದು ತಳ್ಳುವ ಕಾರಣ. ವಲಸೆಗೆ ಎರಡೂ ಬೇಕು.

ನಮ್ಮ ಸೀಮೆಯಲ್ಲೇ ನೋಡಿ. ಹೊಸಪೇಟೆಯ ತುಂಗಭದ್ರಾ ಅಣೆಕಟ್ಟಿನ ಕೆಳಮಟ್ಟದ ಕಾಲುವೆ ಆದೋನಿ ಕಡೆಗೆ ಬರುತ್ತದೆ. ಇಳಿಜಾರಿಗೆ ಹರಿಯೋದು ನೀರಿನ ಗುಣ. ಹಾಗಾಗಿ ಕಾಲುವೆಗಿಂತ ತಗ್ಗಿನ ಹೊಲಕ್ಕೆ ನೀರು ಸಿಗಬಹುದು, ಎತ್ತರದ ಹೊಲಕ್ಕೆ ತಾನಾಗಿ ಏರದು. ಆಕಾಶ ಒಂದೇ, ಎರೆಮಣ್ಣು ಒಂದೇ, ಬಾಳು ಬೇರೆ. ಇಳಿಜಾರು ಪ್ರಕೃತಿಯದು. ಆದರೆ ಕಾಲುವೆ ಎಲ್ಲಿ ತೋಡಬೇಕು, ಯಾವ ಕೆರೆಯ ಹೂಳು ತೆಗೆಯಬೇಕು, ಹೆತ್ತವರು ಗುಳೆ ಹೋದಾಗ ಮಕ್ಕಳು ಊರಲ್ಲೇ ಉಳಿದು ಓದಲು ಹಾಸ್ಟೆಲ್ ಬೇಕೋ ಬೇಡವೋ, ಇವೆಲ್ಲ ಮನುಷ್ಯರ ತೀರ್ಮಾನ.

ಅದಕ್ಕೇ "ನಮ್ಮ ಹಣೆಬರಹ" ಎಂಬ ಮಾತನ್ನು ನಾನು ಒಪ್ಪೋದಿಲ್ಲ. ಎಲ್ಲವನ್ನೂ ಮಳೆಯ ಮೇಲೆ ಹಾಕಿದರೆ, ಯಾರೂ ಏನೂ ಮಾಡಬೇಕಿಲ್ಲ ಅಂತಾಗುತ್ತದೆ. ಯಾವುದು ಪ್ರಕೃತಿಯದು, ಯಾವುದು ನಮ್ಮದು ಅಂತ ಬೇರೆ ಮಾಡಿ ನೋಡೋದೇ ಭೂಗೋಳ ಕಲಿಯೋದರ ಲಾಭ. ವ್ಯಾಖ್ಯೆ ಬಾಯಿಪಾಠ ಮಾಡಿದರೆ ಅದು ಸಿಗೋದಿಲ್ಲ.

ಈ ವಾರ ಒಂದು ಕೆಲಸ ಮಾಡಿ. ನೋಟ್‌ಬುಕ್ಕಿನಲ್ಲಿ ನಿಮ್ಮೂರಿನ ನಕ್ಷೆ ಬರೆಯಿರಿ. ಮಳೆನೀರು ಹರಿಯುವ ದಿಕ್ಕಿಗೆ ನೀಲಿ ಬಾಣ, ಜನ ದುಡಿಯಲು ಹೋಗುವ ದಿಕ್ಕಿಗೆ ಕೆಂಪು ಬಾಣ ಹಾಕಿ. ಪ್ರತಿ ಬಾಣದ ಪಕ್ಕ "ಯಾಕೆ?" ಅಂತ ಬರೆದು ಉತ್ತರ ಹುಡುಕಿ. ಕೆಂಪು ಬಾಣದ ಬಗ್ಗೆ ಗುಳೆ ಹೋಗಿಬಂದ ಗೆಳೆಯರನ್ನು ಕೇಳಿ. ಆ ಪಾಠ ಅವರಿಗೆ ನನಗಿಂತ ಚೆನ್ನಾಗಿ ಗೊತ್ತು.